ಸಾಗರ ದಾಟಿ ಬಂದ ನಮ್ಮ ಮಕ್ಕಳು

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೋಶವನ್ನೇ ಓದುತ್ತ ಅರುವತ್ತು ದಾಟಿದ ನನಗೆ ದೇಶ ಸುತ್ತುವ ಯೋಗವನ್ನು ತಂದಿತ್ತವಳು ನನ್ನ ಮಗಳು. ಆ ಯೋಗ ಸಂತೋಷದಿಂದಲೇ ಬಂದಿತೆಂದು ಹೇಳಲಾರೆ. 2022ರ ಡಿಸೆಂಬರ್ ತಿಂಗಳಲ್ಲಿ ವೆಸ್ಟ್ ಇಂಡೀಸಿನ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪದ ಕಡಲಂಚಿನಲ್ಲಿ, ನಡುರಾತ್ರಿ ಕಳೆದ ಮೇಲೆ, ಹೆಗಲಿಗೆ ಶಾಲು ಹೊದ್ದು ನಾನೂ ನನ್ನ ಮನೆಯವರೂ ಒಂದು ಹಾಯಿದೋಣಿಯ ದೀಪಕ್ಕಾಗಿ ಕಾದು ಕುಳಿತಿದ್ದೆವು. ಅದರೊಳಗೆ ನಮ್ಮ ಮಗಳು, ಅಳಿಯ, ಹದಿಮೂರರ ಮೊಮ್ಮಗಳು ಮತ್ತು ಒಂಬತ್ತರ ಮೊಮ್ಮಗ ಇದ್ದರು. ಅವರು ಆಫ್ರಿಕಾದ ಪಕ್ಕದ ಕ್ಯಾನರಿ ದ್ವೀಪಗಳಿಂದ ಹೊರಟು ಇಪ್ಪತ್ತು ದಿನಗಳು ಸಂದಿದ್ದವು.

ಇದೊಂದು ಸಾಗರ ರ್‍ಯಾಲಿ. ಜಿಮ್ಮಿ ಕಾರ್ನೆಲ್ ಎಂಬ ನಾವಿಕ ಲೇಖಕರು 1986ರಲ್ಲಿ ಇದನ್ನು ಆರಂಭಿಸಿದರು. ಪ್ರತಿ ವರ್ಷ ನವೆಂಬರಿನಲ್ಲಿ ಗ್ರಾನ್ ಕನೇರಿಯಾ ದ್ವೀಪದ ಲಾಸ್ ಪಾಲ್ಮಾಸ್ ಬಂದರಿನಿಂದ ನೂರಕ್ಕೂ ಮೇಲ್ಪಟ್ಟ ಹಾಯಿದೋಣಿಗಳು ಒಟ್ಟಿಗೆ ಹೊರಟು ಅಟ್ಲಾಂಟಿಕ್ ಮಹಾಸಾಗರವನ್ನು ದಾಟುತ್ತವೆ. ಮೊದಲ ಕೆಲವು ವರ್ಷ ಬಾರ್ಬಡೋಸ್ ದ್ವೀಪ ಗುರಿಯಾಗಿತ್ತು. 1990ರಿಂದ ಸೇಂಟ್ ಲೂಸಿಯಾದ ರಾಡ್ನಿ ಕೊಲ್ಲಿ. ದೂರ 2700 ನಾವಿಕ ಮೈಲು, ಅಂದರೆ ನಮ್ಮ ಲೆಕ್ಕದಲ್ಲಿ ಐದು ಸಾವಿರ ಕಿಲೋಮೀಟರು. ಪಂದ್ಯದ ದೋಣಿಗಳು ಎಂಟು-ಹತ್ತು ದಿನಗಳಲ್ಲಿ ಮುಟ್ಟುವುದುಂಟು. ಸಂಸಾರವಂದಿಗರ ದೋಣಿಗಳಿಗೆ ಮೂರು ವಾರ ಬೇಕು. ಇದರಲ್ಲಿ ಮೊದಲು ಬಂದವರಿಗೆ ಬಹುಮಾನವಿದೆ, ನಿಜ. ಆದರೆ ಬಹುಪಾಲು ಜನ ಬಹುಮಾನಕ್ಕಾಗಿ ಬರುವುದಿಲ್ಲ. ನೆರೆಹೊರೆಯವರು ಜೊತೆಗೂಡಿ ಜಾತ್ರೆಗೆ ಹೋಗುವಂತೆ, ಕತ್ತಲ ದಾರಿಯಲ್ಲಿ ಆಸುಪಾಸಿನಲ್ಲಿ ಇನ್ನೊಬ್ಬರಿದ್ದಾರೆಂಬ ಧೈರ್ಯಕ್ಕಾಗಿ ಬರುತ್ತಾರೆ. ಹೊರಟ ಎರಡು ದಿನಗಳಲ್ಲಿ ಆ ಇನ್ನೊಬ್ಬರು ಕಣ್ಣಿಗೆ ಬೀಳುವುದಿಲ್ಲವೆಂಬುದು ಬೇರೆ ಮಾತು.

ನನ್ನ ಅಳಿಯ ಇಂಗ್ಲೆಂಡಿನಲ್ಲಿ ಎಂಜಿನಿಯರು. ಅವನೊಡನೆ ಕೆಲಸ ಮಾಡುವ ಹಿರಿಯರೊಬ್ಬರಿಗೂ ಅವರ ಪತ್ನಿಗೂ ನಲವತ್ತನಾಲ್ಕು ಅಡಿಯ ಒಂದು ದೋಣಿಯಿದೆ. ಕೆಲವು ವರ್ಷಗಳಿಂದ ಇವರೆಲ್ಲ ರಜೆಯಲ್ಲಿ ಕೂಡಿ ಕಡಲಾಡುತ್ತಿದ್ದರು. ಅಟ್ಲಾಂಟಿಕ್ ದಾಟುವ ಸಂಕಲ್ಪ ಅಲ್ಲಿ ಹುಟ್ಟಿತು. ದೊಡ್ಡವರು ನಾಲ್ವರು, ಮಕ್ಕಳಿಬ್ಬರು, ಒಡತಿಯೇ ನಾಯಕಿ.

ಆ ವರ್ಷದ ಬೇಸಿಗೆಯಲ್ಲಿ ಧಾರವಾಡದ ಮನೆಯ ಪಡಸಾಲೆಯಲ್ಲಿ ಮಗಳು ಈ ವಿಷಯ ತೆಗೆದಾಗ ನಾನು ಕಠಿಣವಾಗಿಯೇ ಮಾತನಾಡಿದೆ. ಬೋಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕಾರಕ ಕರ್ಮಗಳಲ್ಲಿ ಎಣಿಸಿದೆಯೆಂಬುದನ್ನು ನಾನು ಪಾಠ ಹೇಳಿದವನೇ ಹೊರತು ನಂಬಿದವನಲ್ಲ; ಅದು ನನ್ನ ಆಕ್ಷೇಪವಾಗಿರಲಿಲ್ಲ. ಗೋವೆಯಲ್ಲಿ ಕಟ್ಟಿದ ‘ತಾರಿಣಿ’ ನೌಕೆಯಲ್ಲಿ ನಮ್ಮ ನೌಕಾದಳದ ಆರು ಮಂದಿ ಹೆಣ್ಣುಮಕ್ಕಳು 2017-18ರಲ್ಲಿ ಭೂಮಂಡಲವನ್ನೇ ಸುತ್ತಿ ಬಂದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅವರು ಪ್ರಾಪ್ತ ವಯಸ್ಕರು, ತರಬೇತಾದವರು. “ಒಂಬತ್ತು ವರ್ಷದ ಹುಡುಗನಿಗೆ ಸಾಗರವೆಂದರೇನೆಂದು ತಿಳಿಯದು. ಅವನ ಪರವಾಗಿ ಹೂಂ ಎನ್ನಲು ನಿನಗೇನು ಅಧಿಕಾರ?” ಎಂದು ಕೇಳಿದೆ. ಅವಳು ತುಸು ಹೊತ್ತು ಸುಮ್ಮನಿದ್ದು, “ಅಪ್ಪಾ, ನಿಮ್ಮನ್ನು ಒಂಬತ್ತನೆಯ ವಯಸ್ಸಿನಲ್ಲಿ ಅಜ್ಜ ಮಠದ ಬಾಗಿಲಲ್ಲಿ ಬಿಟ್ಟು ಬಂದರಲ್ಲ, ಅಂದು ನಿಮ್ಮನ್ನು ಯಾರು ಕೇಳಿದ್ದರು?” ಎಂದಳು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತಂದೆಯ ಎತ್ತಿನ ಗಾಡಿ ತಿರುವಿನಲ್ಲಿ ಮರೆಯಾದದ್ದು, ಸಂಜೆ ಪ್ರಸಾದದ ಪಂಕ್ತಿಯಲ್ಲಿ ಕುಳಿತು ಅತ್ತದ್ದು ಇಂದಿಗೂ ಕಣ್ಣ ಮುಂದಿದೆ. ಆ ಮಠವೇ ನನಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟಿತೆಂಬುದೂ ಅಷ್ಟೇ ನಿಜ. ಉತ್ತರವಿಲ್ಲದವನು ಮಾಡುವುದನ್ನೇ ನಾನೂ ಮಾಡಿದೆ. ಎದ್ದು ಒಳಗೆ ಹೋದೆ. ಅವರು ಮರಳಿ ಹೊರಡುವಾಗ ಆಶೀರ್ವಾದದ ಮಾತು ಬಾಯಿಂದ ಬರಲಿಲ್ಲ.

ನಮ್ಮ ಮನೆಯವರು ಮಾತ್ರ ವಾದಕ್ಕೆ ಇಳಿಯದೆ ಜೋಳದ ಹಿಟ್ಟು ಬೀಸಿಸಿದರು. ನೂರಿಪ್ಪತ್ತು ಕಟಕ ರೊಟ್ಟಿ ಬಡಿದು, ಹೆಂಚಿನ ಮೇಲೆ ಒಣಗಿಸಿ, ತಗಡಿನ ಡಬ್ಬಿಗಳಲ್ಲಿ ಅರಿವೆ ಹಾಸಿ ಜೋಡಿಸಿದರು. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಹಿಂಡಿಗಳು. ಹಿಂದಿನ ಕಾಲದ ಪಾಶ್ಚಾತ್ಯ ನಾವಿಕರು ತಿಂಗಳುಗಟ್ಟಲೆ ಕೆಡದ ಗಟ್ಟಿ ಬಿಸ್ಕತ್ತು ತಿಂದು ಸಾಗರ ದಾಟುತ್ತಿದ್ದರಂತೆ. ಬಯಲುಸೀಮೆಯ ನಮ್ಮ ತಾಯಂದಿರು ಕಡಲನ್ನೇ ಕಾಣದೆ ಅದಕ್ಕಿಂತ ರುಚಿಯಾದ ನಾವಿಕಾನ್ನವನ್ನು ಕಂಡುಹಿಡಿದಿಟ್ಟಿದ್ದಾರೆಂದು ಈಗ ಅನ್ನಿಸುತ್ತದೆ. ಉಪ್ಪುಗಾಳಿ ತಗುಲಿದರೆ ರೊಟ್ಟಿ ಮೆತ್ತಗಾಗುತ್ತದೆ. ಆದ್ದರಿಂದ ದಿನಕ್ಕೆ ಒಂದೇ ಬಾರಿ ಡಬ್ಬಿ ತೆರೆಯಬೇಕೆಂದು ಒಡತಿ ನಿಯಮ ಮಾಡಿದ್ದರಂತೆ.

ನವೆಂಬರ್ 20, ಭಾನುವಾರ ದೋಣಿಗಳು ಹೊರಟವು. ನಾವಿಬ್ಬರು ಅಂದು ಇಂಗ್ಲೆಂಡಿನ ಅವರ ಮನೆಯಲ್ಲಿದ್ದೆವು. ಹೊರಡುವ ಮೊದಲು ವ್ಯವಸ್ಥಾಪಕರು ಪ್ರತಿಯೊಂದು ದೋಣಿಯನ್ನೂ ಹತ್ತಿ ಜೀವರಕ್ಷಕ ತೆಪ್ಪ, ತೇಲುವ ಅಂಗಿಗಳು, ಆಪತ್ತಿನಲ್ಲಿ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುವ ಉಪಕರಣ, ಚುಕ್ಕಾಣಿ ಕೆಟ್ಟರೆ ಜೋಡಿಸುವ ಬದಲಿ ಹಿಡಿಕೆ ಇತ್ಯಾದಿಗಳನ್ನು ಪರೀಕ್ಷಿಸುತ್ತಾರೆ. ಚುಕ್ಕಾಣಿಯ ಮಾತು ಬಂದುದರಿಂದ ಹೇಳುತ್ತೇನೆ. 1492ರಲ್ಲಿ ಕೊಲಂಬಸನು ನಮ್ಮ ದೇಶವನ್ನು ಹುಡುಕಿ ಹೊರಟಾಗ ಅವನ ಮೂರು ಹಡಗುಗಳಲ್ಲಿ ಒಂದಾದ ‘ಪಿಂಟಾ’ದ ಚುಕ್ಕಾಣಿ ಕಳಚಿ, ಅದನ್ನು ಸರಿಪಡಿಸಿಕೊಂಡದ್ದು ಇದೇ ಗ್ರಾನ್ ಕನೇರಿಯಾದಲ್ಲಿ. ಸೆಪ್ಟೆಂಬರ್ 6ರಂದು ಆ ದ್ವೀಪಸಮೂಹವನ್ನು ಬಿಟ್ಟವನು ಅಕ್ಟೋಬರ್ 12ರಂದು ನೆಲ ಕಂಡ. ಕಂಡದ್ದು ಭಾರತವೇ ಎಂದು ಭ್ರಮಿಸಿದ; ಆ ಭ್ರಮೆಯೇ ಈ ದ್ವೀಪಗಳಿಗೆ ಇಂದಿಗೂ ‘ಇಂಡೀಸ್’ ಎಂಬ ಹೆಸರಾಗಿ ಉಳಿದಿದೆ.

ಅವನನ್ನು ಒಯ್ದ ಗಾಳಿಯೇ ನಮ್ಮ ಮಕ್ಕಳನ್ನೂ ಒಯ್ದದ್ದು. ವಾಣಿಜ್ಯ ಮಾರುತವೆಂದು ಶಾಲೆಯ ಭೂಗೋಳದಲ್ಲಿ ಓದಿರುತ್ತೀರಿ. ಭೂಮಧ್ಯರೇಖೆಯ ಬಳಿ ಕಾದ ಗಾಳಿ ಮೇಲೇರುತ್ತದೆ. ಆ ತೆರವನ್ನು ತುಂಬಲು ಉತ್ತರದಿಂದ ಗಾಳಿ ಹರಿದು ಬರುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ಓರೆಯಾಗಿ ಈಶಾನ್ಯದಿಂದ ಬೀಸುತ್ತದೆ. ಇದನ್ನು 1735ರಲ್ಲಿ ವಿವರಿಸಿದ ಜಾರ್ಜ್ ಹ್ಯಾಡ್ಲಿ ವೃತ್ತಿಯಿಂದ ವಕೀಲ! ನಮ್ಮ ಮುಂಗಾರು ಆರು ತಿಂಗಳು ಬಂದು, ಮತ್ತೆ ದಿಕ್ಕು ಬದಲಿಸಿ ಹೋಗುತ್ತದೆ. ಭಟ್ಕಳ, ಹೊನ್ನಾವರಗಳಿಗೆ ಬರುತ್ತಿದ್ದ ಅರಬ್ಬರ ಹಡಗುಗಳು ಒಂದು ಗಾಳಿಯಲ್ಲಿ ಬಂದು ಇನ್ನೊಂದರಲ್ಲಿ ಮರಳುತ್ತಿದ್ದವು. ಅಟ್ಲಾಂಟಿಕದ ಈ ಗಾಳಿಗೆ ಮರಳುವ ಬುದ್ಧಿಯಿಲ್ಲ. ಅದು ಸದಾ ಪಡುವಣಕ್ಕೆ ತಳ್ಳುತ್ತದೆ. ನಡುಗಡಲಿನಲ್ಲಿ ಮನಸ್ಸು ಬದಲಾಯಿತೆಂದರೆ ಹಿಂದಿರುಗುವುದು ಮುಂದುವರಿಯುವುದಕ್ಕಿಂತ ಕಷ್ಟ. “ಬೆಣ್ಣೆ ಕರಗುವವರೆಗೆ ತೆಂಕಣಕ್ಕೆ ಸಾಗು, ಆಮೇಲೆ ಪಡುವಣಕ್ಕೆ ತಿರುಗು” ಎಂದು ಹಳೆಯ ನಾವಿಕರ ಸೂತ್ರವಂತೆ. ಬೆಣ್ಣೆ ಕರಗಿತೆಂದು ಮೊಮ್ಮಗ ಆರನೆಯ ದಿನ ಉಪಗ್ರಹದ ಮೂಲಕ ಒಂದು ಸಾಲಿನ ಸಂದೇಶ ಕಳುಹಿಸಿದ್ದ.

ಪ್ರತಿ ದೋಣಿಯಲ್ಲೂ ಒಂದು ಪುಟ್ಟ ಯಂತ್ರವಿದ್ದು, ಅದು ಕೆಲವು ಗಂಟೆಗಳಿಗೊಮ್ಮೆ ತಾನಿರುವ ಸ್ಥಳವನ್ನು ತಿಳಿಸುತ್ತದೆ. ಮನೆಯಲ್ಲಿದ್ದವರು ಕಂಪ್ಯೂಟರಿನ ನಕ್ಷೆಯ ಮೇಲೆ ಅದನ್ನು ಕಾಣಬಹುದು. ಇದೊಂದು ಉಪಕಾರವೋ ಶಿಕ್ಷೆಯೋ ನಾನರಿಯೆ. ಹತ್ತು ದಿನ ಅವರ ಚುಕ್ಕೆ ದಿನಕ್ಕೆ 150 ಮೈಲಿನಂತೆ ಸರಿಯಾಗಿ ಸಾಗಿತು. ಹನ್ನೊಂದನೆಯ ದಿನ 110ಕ್ಕೆ ಇಳಿಯಿತು. ಸುತ್ತಲಿನ ದೋಣಿಗಳ ಚುಕ್ಕೆಗಳು ಮುಂದೆ ಹೋದವು. ನಮ್ಮ ಮನೆಯವರು ಏನನ್ನೂ ಕೇಳಲಿಲ್ಲ. ನಾನೂ ಏನನ್ನೂ ಹೇಳಲಿಲ್ಲ. ಅಂದು ರಾತ್ರಿ ನಾನು ಮೂರು ಬಾರಿ ಎದ್ದು ನಕ್ಷೆ ನೋಡಿದೆ. ಮೂರನೆಯ ಸಲ ಹೋದಾಗ ಅವರು ಆಗಲೇ ಅದರ ಮುಂದೆ ಕುಳಿತಿದ್ದರು.

ಮರುದಿನ ಸುದ್ದಿ ಬಂತು. ದೋಣಿಯನ್ನು ತಾನೇ ನಡೆಸುವ ಸ್ವಯಂಚಾಲಿತ ಚುಕ್ಕಾಣಿ ಕೆಟ್ಟಿದೆ, ದುರಸ್ತಿ ಆಗದು, ಇನ್ನುಳಿದ 1300 ಮೈಲುಗಳನ್ನೂ ಕೈಯಿಂದಲೇ ನಡೆಸಬೇಕು, ಚಿಂತೆ ಬೇಡ.

ಚಿಂತೆ ಬೇಡವೆಂದರೇನು ಎಂಬುದು ಆಮೇಲೆ ತಿಳಿಯಿತು. ಹಿಂದಿನಿಂದ ಬರುವ ಗಾಳಿಯಲ್ಲಿ ದೋಣಿ ಎಡಕ್ಕೂ ಬಲಕ್ಕೂ ತೊಟ್ಟಿಲಿನಂತೆ ತೂಗುತ್ತದೆ. ಪ್ರತಿ ಅಲೆಯೂ ಅದರ ಬೆನ್ನನ್ನು ಹಿಡಿದು ಅಡ್ಡಕ್ಕೆ ತಿರುಗಿಸಲು ನೋಡುತ್ತದೆ. ಚಕ್ರ ಹಿಡಿದವನು ಒಂದು ನಿಮಿಷ ಮೈಮರೆತರೆ ಹಾಯಿ ಒಮ್ಮೆಗೇ ಆಚೆ ಬದಿಗೆ ಬೀಸಿ ಕೂವೆಮರವನ್ನೇ ಮುರಿಯಬಹುದು. ಮೊದಲು ಪಾಳಿಯೆಂದರೆ ಸುಮ್ಮನೆ ಕಣ್ಣಿಟ್ಟು ಕೂರುವುದಾಗಿತ್ತು. ಈಗ ನಾಲ್ವರು ದೊಡ್ಡವರು ಇಪ್ಪತ್ತನಾಲ್ಕು ಗಂಟೆಗಳನ್ನು ಹಂಚಿಕೊಂಡು ಚಕ್ರ ಹಿಡಿಯಬೇಕಾಯಿತು. ರಾತ್ರಿ ಹಾಯಿ ಕಡಿಮೆ ಮಾಡಿ ನಿಧಾನವಾಗಿ ಸಾಗಿದರು. ಹಗಲಿನಲ್ಲಿ ಮೊಮ್ಮಗಳೂ ಚಕ್ರಕ್ಕೆ ನಿಂತಳು. ಅವಳು ದಿಕ್ಸೂಚಿಯನ್ನು ನೋಡದೆ ಕತ್ತಿನ ಹಿಂಭಾಗಕ್ಕೆ ತಗಲುವ ಗಾಳಿಯಿಂದಲೇ ದಿಕ್ಕನ್ನು ತಿಳಿಯುವುದನ್ನು ಎರಡು ದಿನಗಳಲ್ಲಿ ಕಲಿತಳೆಂದು ಒಡತಿ ನನಗೆ ಹೇಳಿದರು. ಹುಡುಗನ ಪಾಲಿಗೆ ಬೇರೆ ಕೆಲಸ: ಪ್ರತಿ ಬೆಳಿಗ್ಗೆ ದೋಣಿಯ ಮೇಲೆ ಬಿದ್ದ ಹಾರುಮೀನುಗಳನ್ನು ಹುಡುಕುವುದು (ಬದುಕಿದ್ದರೆ ನೀರಿಗೆ ಬಿಡುವುದು), ಹಗ್ಗಗಳು ಎಲ್ಲಿ ಉಜ್ಜಿ ಸವೆದಿವೆಯೆಂದು ನೋಡುವುದು. ಬಿರುಗಾಳಿಗಿಂತ ಈ ಉಜ್ಜಾಟವೇ ದೀರ್ಘ ಯಾನದ ಶತ್ರುವಂತೆ. ರಾತ್ರಿ ಮೂರರ ಪಾಳಿಯಲ್ಲಿರುವವರಿಗೆ ರೊಟ್ಟಿಯ ಮೇಲೆ ಹಿಂಡಿ ಹಚ್ಚಿಡುವುದೂ ಅವನದೇ.

ನಾವು ಲಂಡನ್ನಿನಿಂದ ವಿಮಾನವೇರಿ ಡಿಸೆಂಬರ್ ಮೊದಲ ವಾರದಲ್ಲಿ ಸೇಂಟ್ ಲೂಸಿಯಾದ ದಕ್ಷಿಣ ತುದಿಯ ಹೆವನೋರಾ ನಿಲ್ದಾಣದಲ್ಲಿ ಇಳಿದೆವು. ಅವರು ಮೂರು ವಾರ ತೆಗೆದುಕೊಂಡ ಸಾಗರವನ್ನು ನಾವು ಊಟ ಮಾಡಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ದಾಟಿದ್ದೆವು, ಏನೋ ಕದ್ದಂತೆನ್ನಿಸಿತು. ದ್ವೀಪ ಬಹಳ ಚಿಕ್ಕದು, 616 ಚದರ ಕಿಲೋಮೀಟರು. ಬಾಳೆಯ ತೋಟಗಳು, ಮಲೆನಾಡನ್ನು ನೆನಪಿಸುವ ಹಸಿರು ಬೆಟ್ಟಗಳ ನಡುವೆ ರಸ್ತೆ ಸುತ್ತಿ ಸುತ್ತಿ ಉತ್ತರಕ್ಕೆ ಹೋಗುತ್ತದೆ. ಫ್ರೆಂಚರೂ ಆಂಗ್ಲರೂ ಈ ನೆಲಕ್ಕಾಗಿ ಪದೇ ಪದೇ ಕಾದಾಡಿದರು. 1814ರಲ್ಲಿ ಆಂಗ್ಲರ ಪಾಲಾಯಿತು, 1979ರಲ್ಲಿ ಸ್ವತಂತ್ರವಾಯಿತು. ಜನರಾಡುವ ಮಾತು ಇಂದಿಗೂ ಫ್ರೆಂಚಿನಿಂದ ಹುಟ್ಟಿದ ಕ್ರಿಯೋಲ್. ಇಷ್ಟು ಸಣ್ಣ ನಾಡು ಇಬ್ಬರು ನೊಬೆಲ್ ಪುರಸ್ಕೃತರನ್ನು ಹೆತ್ತಿದೆ: ಅರ್ಥಶಾಸ್ತ್ರದಲ್ಲಿ ಆರ್ಥರ್ ಲೂಯಿಸ್, ಸಾಹಿತ್ಯದಲ್ಲಿ ಡೆರೆಕ್ ವಾಲ್ಕಾಟ್.

ರಾಡ್ನಿ ಕೊಲ್ಲಿಯ ಬಳಿಯ ಗ್ರೋಸ್ ಐಲೆಟ್ ಎಂಬ ಮೀನುಗಾರರ ಊರಿನಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಮೊದಲ ದಿನವೇ ಒಂದು ಆಶ್ಚರ್ಯ. ರಸ್ತೆಬದಿಯ ಅಂಗಡಿಯ ಹಲಗೆಯ ಮೇಲೆ ‘ರೋಟಿ’ ಎಂದಿತ್ತು. ಬೇಳೆ, ಆಲೂಗಡ್ಡೆಯ ಪಲ್ಯ ಸುತ್ತಿದ ದೊಡ್ಡ ರೊಟ್ಟಿ. ಅಂಗಡಿಯಾಕೆ ನಮ್ಮ ಮುಖವನ್ನೂ ನಾವು ಆಕೆಯ ಮುಖವನ್ನೂ ದೀರ್ಘವಾಗಿ ನೋಡಿದೆವು. 1838ರಲ್ಲಿ ಗುಲಾಮಗಿರಿ ಪೂರ್ಣವಾಗಿ ಅಳಿದ ಮೇಲೆ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾಗಿ, 1859ರಿಂದ ಭಾರತದ ಬಡವರನ್ನು ಕರಾರಿನ ಮೇಲೆ ಹಡಗು ತುಂಬಿ ಇಲ್ಲಿಗೆ ತಂದರು. ಆಕೆ ಆ ಸಂತತಿಯವಳು. ಭಾಷೆ ಹೋಗಿದೆ, ಹೆಸರು ಬದಲಾಗಿದೆ, ರೊಟ್ಟಿ ಉಳಿದಿದೆ. ಅದಕ್ಕೂ ಹಿಂದೆ, ಕ್ಯಾನರಿಗಳಿಂದ ಬೀಸುವ ಇದೇ ಗಾಳಿಯೇ ಆಫ್ರಿಕನ್ನರನ್ನು ಸರಪಳಿಯಲ್ಲಿ ಕಟ್ಟಿದ ಹಡಗುಗಳನ್ನು ತಳ್ಳಿ ತಂದಿತ್ತು. ವಿಹಾರಕ್ಕೆಂದು ಸಾಗರ ದಾಟುವುದು ಎಷ್ಟು ಹೊಸದಾದ, ಎಷ್ಟು ಕೆಲವೇ ಮಂದಿಯ ಭಾಗ್ಯವೆಂದು ಆ ಅಂಗಡಿಯ ಮುಂದೆ ನನಗೆ ಹೊಳೆಯಿತು. ಮಗಳೊಡನೆ ವಾದಿಸುವಾಗ ಇದು ಹೊಳೆದಿರಲಿಲ್ಲ; ಹೊಳೆದಿದ್ದರೆ ಇದನ್ನೂ ಬಾಣವಾಗಿ ಬಳಸುತ್ತಿದ್ದೆನೋ ಏನೋ.

ಡಿಸೆಂಬರ್ 7 ಹೊಸ್ತಿಲ ಹುಣ್ಣಿಮೆ. ನಮ್ಮ ಮನೆಯವರು ಆ ಬಾಡಿಗೆ ಮನೆಯ ಹೊಸ್ತಿಲನ್ನು ತೊಳೆದು, ಅರಿಷಿಣ ಕುಂಕುಮವಿಟ್ಟು, ಅಂಗಳದ ಕೆಂಪು ದಾಸವಾಳವೇರಿಸಿದರು. ಮನೆಯ ಒಡತಿ ಬಂದು ನೋಡಿ, ಯಾರನ್ನು ಬರಮಾಡಿಕೊಳ್ಳುತ್ತಿದ್ದೀರೆಂದು ಕೇಳಿದಳು. ಹೇಳಿದೆವು. ಆಕೆಯ ಮೂವರು ಮಕ್ಕಳೂ ಹೊರದೇಶಗಳಲ್ಲಿದ್ದಾರಂತೆ. ಸಂಜೆ ಅವಳೂ ಒಂದು ದೀಪ ತಂದಿಟ್ಟಳು.

ಇನ್ನು ಮುಗಿಸುವ ಪರಿಯನ್ನು ಹೇಳಬೇಕು. ಕೊಲ್ಲಿಯ ಉತ್ತರಕ್ಕೆ ಪಿಜನ್ ಐಲೆಂಡ್ ಎಂಬ ಗುಡ್ಡವಿದೆ. ಹೆಸರಿಗೆ ದ್ವೀಪ, 1972ರಲ್ಲಿ ಮಣ್ಣಿನ ದಾರಿ ಹಾಕಿ ಅದನ್ನು ನೆಲಕ್ಕೆ ಸೇರಿಸಿದ್ದಾರೆ. ಅದರ ನೆತ್ತಿಯ ಕೋಟೆಯಿಂದಲೇ 1782ರಲ್ಲಿ ಅಡ್ಮಿರಲ್ ರಾಡ್ನಿ ಮಾರ್ಟಿನೀಕದಲ್ಲಿದ್ದ ಫ್ರೆಂಚ್ ನೌಕಾಪಡೆಯ ಮೇಲೆ ಕಣ್ಣಿಟ್ಟಿದ್ದ. ಸಾಗರದಿಂದ ಬರುವ ದೋಣಿ ಈ ಗುಡ್ಡವನ್ನು ಬಳಸಿ ಕೊಲ್ಲಿಯೊಳಗೆ ತಿರುಗಬೇಕು. ತಿರುಗಿದೊಡನೆ, ಅಷ್ಟು ದಿನ ಬೆನ್ನಿಗಿದ್ದ ಗಾಳಿ ಮುಖಕ್ಕೆ ಬರುತ್ತದೆ. ಐದು ಸಾವಿರ ಕಿಲೋಮೀಟರು ತಳ್ಳಿ ತಂದ ಗಾಳಿಯೇ ಕೊನೆಯ ಮೈಲಿನಲ್ಲಿ ಎದುರಾಗುತ್ತದೆ! ದಣಿದ ಜನ ಹಾಯಿಯನ್ನು ಬಿಗಿದು, ಅಡ್ಡಡ್ಡಲಾಗಿ ಓಡಿಸುತ್ತ ಆ ಗೆರೆಯನ್ನು ದಾಟಬೇಕು. ಗೆರೆಯೆಂದರೆ ಬೇರೇನಲ್ಲ, ಲಂಗರು ಹಾಕಿದ ಒಂದು ದೋಣಿಗೂ ತೇಲುವ ಒಂದು ಬುರುಡೆಗೂ ನಡುವಣ ನೀರು.

ಅಂದು ರಾತ್ರಿ ಎರಡು ಗಂಟೆ. ಹುಣ್ಣಿಮೆ ಕಳೆದು ಮೂರು ದಿನಗಳಾಗಿದ್ದರೂ ಬೆಳದಿಂಗಳು ಚೆಲ್ಲಿತ್ತು. ಅವರು ಅಮಾವಾಸ್ಯೆಗೆ ಮೂರು ದಿನವಿರುವಾಗ ಹೊರಟಿದ್ದರು. ಹಳದಿ ಅಂಗಿ ತೊಟ್ಟ ವ್ಯವಸ್ಥಾಪಕರು, ಅಂತಹ ಅಪರಾತ್ರಿಯಲ್ಲೂ, ಹಣ್ಣಿನ ಬುಟ್ಟಿ ಹಿಡಿದು ಕಟ್ಟೆಯ ಮೇಲೆ ನಿಂತಿದ್ದರು. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಬುಟ್ಟಿ. ಇದು ನನಗೆ ಬಹಳ ಮೆಚ್ಚುಗೆಯಾಯಿತು. ರೇಡಿಯೋದಲ್ಲಿ ಒಡತಿಯ ದನಿ ಕೇಳಿಸಿತು. ಗೆರೆ ದಾಟಿದ ಸಮಯವನ್ನು ಯಾರೋ ಓದಿದರು. ಸ್ವಲ್ಪ ಹೊತ್ತಿನಲ್ಲಿ ಕಾಲುವೆಯ ಬಾಯಲ್ಲಿ ಒಂದು ಹಸಿರು, ಒಂದು ಕೆಂಪು ದೀಪ ಕಾಣಿಸಿದವು. ಕಟ್ಟೆಗೆ ಕಟ್ಟಿದ್ದ ದೋಣಿಗಳಲ್ಲಿ ಮಲಗಿದ್ದವರು ಎದ್ದು ಒಬ್ಬೊಬ್ಬರಾಗಿ ತುತ್ತೂರಿ ಊದತೊಡಗಿದರು. ನಿದ್ದೆ ಕೆಟ್ಟಿತೆಂದು ಯಾರೂ ಗೊಣಗಲಿಲ್ಲ.

ಚಕ್ರದ ಹಿಂದೆ ನಿಂತಿದ್ದವಳು ನನ್ನ ಮೊಮ್ಮಗಳು. ಒಡತಿ ಅವಳ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಹುಡುಗ ಮೂತಿಯಲ್ಲಿ ಹಗ್ಗದ ಸುರುಳಿ ಹಿಡಿದಿದ್ದ. ನಮ್ಮನ್ನು ಕಂಡರೂ ಕೈಬೀಸಲಿಲ್ಲ; ಹಗ್ಗ ಎಸೆಯುವವರೆಗೆ ಅವನ ಕಣ್ಣು ಕಟ್ಟೆಯ ಗೂಟದ ಮೇಲೆಯೇ ಇತ್ತು. ಎಸೆದಾದ ಮೇಲೆ, “ಅಜ್ಜಾ, ಹನ್ನೊಂದು ರೊಟ್ಟಿ ಉಳಿದಾವು” ಎಂದ.

ಮಗಳು ಇಳಿದವಳೇ ಮೊದಲು ತೂರಾಡಿದಳು. ಮೂರು ವಾರ ತೂಗಿದ ಕಾಲುಗಳಿಗೆ ನಿಂತ ನೆಲ ಒಗ್ಗುವುದಿಲ್ಲ. ಮುಖ ಕಪ್ಪಿಟ್ಟು, ಅಂಗೈಗಳಲ್ಲಿ ಬೊಕ್ಕೆ ಎದ್ದು ಒಣಗಿದ್ದವು. ಅವಳ ತೋಳು ಹಿಡಿದುಕೊಂಡೆ. ಹೇಳಬೇಕೆಂದು ಕಟ್ಟಿಟ್ಟುಕೊಂಡ ಮಾತುಗಳಿದ್ದವು. “ಊಟ ಆಯಿತೇನವಾ?” ಎಂದಷ್ಟೇ ಕೇಳಿದೆ. ಅವಳು ನಕ್ಕಳು, ಆಮೇಲೆ ಅತ್ತಳು. ಆ ನಾಡಿನ ಕಬ್ಬಿನ ಮದ್ಯದ ಲೋಟಗಳನ್ನು ಸ್ವಾಗತಕ್ಕೆಂದು ಎಲ್ಲರಿಗೂ ಹಂಚುವುದು ವಾಡಿಕೆ. ನಮ್ಮವರು ಹಣ್ಣಿನ ರಸ ಕುಡಿದರು, ಯಾರೂ ಬಲವಂತ ಮಾಡಲಿಲ್ಲ.

ಮುಂದಿನ ನಾಲ್ಕು ದಿನಗಳು ತೊಳೆಯುವುದರಲ್ಲಿ, ಒಣಗಿಸುವುದರಲ್ಲಿ, ನಿದ್ದೆಯಲ್ಲಿ ಕಳೆದವು. ರಾತ್ರಿ ಮೂರಕ್ಕೆ ಹುಡುಗ ತಾನಾಗಿ ಎದ್ದು ಅಡುಗೆಮನೆಯ ದೀಪ ಹಾಕುತ್ತಿದ್ದ. ಒಡತಿ ಒಂದು ಸಂಜೆ ನಮ್ಮಲ್ಲಿ ಊಟಕ್ಕೆ ಬಂದರು. ಹದಿನಾಲ್ಕನೆಯ ರಾತ್ರಿ ಮಳೆಗಾಳಿಯ ಒಂದು ಹೊಡೆತಕ್ಕೆ ದೋಣಿ ಅಡ್ಡ ಬಿದ್ದೆದ್ದಿತೆಂದೂ, ಆಗ ತಾವು ಮಕ್ಕಳನ್ನು ಕರೆತಂದದ್ದು ತಪ್ಪೆಂದು ಭಾವಿಸಿದ್ದುಂಟೆಂದೂ ಅವರೇ ಹೇಳಿದರು. ಮಗಳು ತಟ್ಟೆಯ ಕಡೆ ನೋಡುತ್ತಿದ್ದಳು. ನನ್ನ ಆಕ್ಷೇಪ ಸುಳ್ಳಾಗಿರಲಿಲ್ಲ. ಈಗಲೂ ಅದನ್ನು ನಾನು ಪೂರ್ತಿ ಬಿಟ್ಟಿಲ್ಲ. ಆದರೆ ಆ ಹೆಣ್ಣುಮಗಳ ಪ್ರಾಮಾಣಿಕತೆಯ ಮುಂದೆ ಅದನ್ನು ಎತ್ತಿ ತೋರಿಸುವ ಮನಸ್ಸಾಗಲಿಲ್ಲ.

ಮರುದಿನ ಬೀಳ್ಕೊಡುಗೆ. ದಂಪತಿಗಳು ದೋಣಿಯನ್ನು ದ್ವೀಪದಿಂದ ದ್ವೀಪಕ್ಕೆ ಒಯ್ಯುವವರು, ನಮ್ಮವರು ವಿಮಾನವೇರುವವರು. ಮೂರು ವಾರ ಒಂದೇ ಹಲಗೆಯ ಮೇಲೆ ಮಲಗಿದ್ದ ಆರು ಜನ ಕಟ್ಟೆಯ ಮೇಲೆ ಚೀಲ ಹಿಡಿದು, ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಉಳಿದಿದ್ದ ಆರು ರೊಟ್ಟಿಗಳ ಡಬ್ಬಿಯನ್ನು ಹುಡುಗ ಒಡತಿಯ ಕೈಗಿತ್ತು, ದಿನಕ್ಕೆ ಒಂದೇ ಬಾರಿ ತೆರೆಯಬೇಕೆಂದು ನೆನಪಿಸಿದ.

ಅಷ್ಟರಲ್ಲಿ ತುತ್ತೂರಿಗಳು ಮತ್ತೆ ಕೂಗಿದವು. ತಡವಾಗಿ ಬಂದ ಒಂದು ಸಣ್ಣ ದೋಣಿ, ಅದರಲ್ಲಿ ನನ್ನ ಪ್ರಾಯದ ಇಬ್ಬರೇ ಇಬ್ಬರು ಮುದುಕ ಮುದುಕಿ. ಮೊಮ್ಮಗ ಚೀಲವನ್ನು ಅಲ್ಲೇ ಬಿಟ್ಟು ಓಡಿದ. ನಾನೂ ಅವನ ಹಿಂದೆ ಹೋದೆ. ಆ ಮುದುಕಿ ಎಸೆದ ಹಗ್ಗ ಅವನನ್ನು ಮೀರಿ ನನ್ನ ಕೈಗೆ ಬಂತು. ಒದ್ದೆಯಾಗಿತ್ತು, ನಾನು ಎಣಿಸಿದ್ದಕ್ಕಿಂತ ಬಹಳ ಭಾರವಾಗಿತ್ತು. “ಎಳೆಯಬೇಡ ಅಜ್ಜಾ, ಗೂಟಕ್ಕೆ ಒಂದು ಸುತ್ತು ಹಾಕು” ಎಂದ ಹುಡುಗ. ಹಾಕಿದೆ.